ಹುಲ್ಲುಹಾಸಿನ ಮೂಷಕಬಾಧೆ

ಬೆಳೆದ ಪೈರಿಗೆ ಒದಗಬಹುದಾದ ವಿಪತ್ತುಗಳನ್ನು ನಮ್ಮ ಪ್ರಾಚೀನರು ಆರೆಂದು ಎಣಿಸಿ, ಅವಕ್ಕೆ ಈತಿಗಳೆಂದು ಹೆಸರಿಟ್ಟು, ಅತಿವೃಷ್ಟಿ ಅನಾವೃಷ್ಟಿಗಳ ಜೊತೆಯಲ್ಲಿಯೇ, ಮಿಡತೆಗೂ ಗಿಳಿಗೂ ನೆರೆಯರಸರ ದಂಡಿಗೂ ಸಮನಾಗಿ, ಇಲಿಯನ್ನೂ ಒಂದು ಈತಿಯೆಂದೇ ಗಣಿಸಿದರು. ಅಂಗೈಯಲ್ಲಿ ಅಡಗುವ ಪ್ರಾಣಿಗೆ ಶತ್ರುಸೈನ್ಯದ ಪಂಕ್ತಿಯಲ್ಲಿ ಮಣೆ ಹಾಕಿದ ಆ ಎಣಿಕೆಯಲ್ಲಿ ಉತ್ಪ್ರೇಕ್ಷೆಯಿಲ್ಲವೆಂಬುದು ಹೊಲ ಗದ್ದೆಗಳನ್ನು ಮಾಡಿದವರಿಗೆಲ್ಲ ತಿಳಿದ ಸಂಗತಿ. ಆದರೆ ಉಣ್ಣಲೂ ಒದಗದ, ಮಾರಲೂ ಬಾರದ, ಕೇವಲ ಕಣ್ಣಿನ ತಣಿವಿಗಾಗಿ ಮನೆಯ ಮುಂದೆ ಬೆಳೆಸಿ, ಬೆಳೆದಂತೆಲ್ಲ ಕತ್ತರಿಸಿ ಎಸೆಯುವ ಹುಲ್ಲಿಗೂ ಈ ಈತಿ ತಗುಲೀತೆಂದು ಅವರು ಊಹಿಸಿರಲಾರರು. ಮಿಷಿಗನ್, ಮಿನ್ನೆಸೋಟ, ಇಲಿನಾಯ್, ನ್ಯೂಯಾರ್ಕ್ ಮೊದಲಾದ ಹಿಮಪ್ರಾಂತಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡಿಗರಿಗಾದರೋ ಇದು ಊಹೆಯ ಮಾತಲ್ಲ. ಮಾರ್ಚ್ ತಿಂಗಳ ಕೊನೆಯಲ್ಲಿ, ನಾಲ್ಕು ತಿಂಗಳು ನೆಲವನ್ನು ಮುಚ್ಚಿದ್ದ ಹಿಮ ಕರಗಿ ಅಂಗಳ ಬಯಲಾಗುತ್ತಲೇ, ಹಿಂದಿನ ಶರದೃತುವಿನಲ್ಲಿ ಮಖಮಲ್ಲಿನಂತಿದ್ದ ಹುಲ್ಲುಹಾಸಿನ ಮೇಲೆ ಯಾರೋ ಹುಚ್ಚು ಇಂಜಿನಿಯರನೊಬ್ಬ ರಸ್ತೆಗಳ ನಕ್ಷೆಯನ್ನು ಕೆತ್ತಿ ಹೋದ ಹಾಗೆ, ಎರಡು ಅಂಗುಲ ಅಗಲದ ಡೊಂಕು ಹಾದಿಗಳು ಒಂದರೊಳಗೊಂದು ಹೆಣೆದುಕೊಂಡು ಕಾಣಿಸಿಕೊಳ್ಳುವುವು. ಊರಿಗೆ ದೂರವಾಣಿ ಮಾಡಿದಾಗ ಅವರು ಹೇಳುವುದು ‘ಇಲಿ ಬಿದ್ದಿದೆ’ ಎಂದು; ಕೆಲವರು ಹೆಗ್ಗಣವೆಂದೂ ಹೇಳುವುದುಂಟು. ಎರಡೂ ಅಲ್ಲ. ಅದು ವೋಲ್ ಎಂಬ ಬೇರೊಂದು ಮೂಷಕ.

ಇಲಿಯ ಬಳಗದ್ದೇ ಆದರೂ ವೋಲಿನ ಆಕೃತಿ ಬೇರೆ. ಮೂತಿ ಚೂಪಾಗಿರದೆ ಮೊಂಡಾಗಿಯೂ, ಕಣ್ಣು ಸಣ್ಣದಾಗಿಯೂ, ಕಿವಿಗಳು ರೋಮದೊಳಗೆ ಹುದುಗಿ ಕಂಡೂ ಕಾಣದಂತೆಯೂ, ಬಾಲವು ಇಲಿಯದರಂತೆ ನೀಳವಾಗಿರದೆ ಗಿಡ್ಡವಾಗಿಯೂ ಇರುವುದರಿಂದ, ಒಮ್ಮೆ ಚೆನ್ನಾಗಿ ನೋಡಿದವರು ಮತ್ತೆ ತಪ್ಪಲಾರರು. ಅಮೆರಿಕದ ಅಂಗಳಗಳಿಗೆ ಸಂಬಂಧಪಟ್ಟಂತೆ ಮುಖ್ಯವಾದವು ಮೂರು ಜಾತಿಗಳು. ಕೆನಡದಿಂದ ಅಪಲೇಶಿಯನ್ ಬೆಟ್ಟಗಳ ದಕ್ಷಿಣದ ತುದಿಯವರೆಗೂ ಹಬ್ಬಿರುವ ಹುಲ್ಲುಗಾವಲಿನ ವೋಲ್ ಮೊದಲನೆಯದು. ನಡುನಾಡಿನ ವಿಶಾಲ ತೃಣಭೂಮಿಗಳಲ್ಲಿರುವ ಪ್ರೇರಿ ವೋಲ್ ಎರಡನೆಯದು. ಪೂರ್ವದ ಅರಣ್ಯಗಳಲ್ಲಿಯೂ ಸೇಬಿನ ತೋಟಗಳಲ್ಲಿಯೂ ನೆಲದೊಳಗೆ ಸುರಂಗ ತೋಡಿಕೊಂಡು ಬೇರುಗಳನ್ನೇ ತಿಂದು ಬದುಕುವ ಪೈನ್ ವೋಲ್ ಮೂರನೆಯದು. ಈ ಕುಲವು ಕರ್ನಾಟಕದಲ್ಲಿಲ್ಲ. ಭಾರತದಲ್ಲಿ ಇದರ ಬಂಧುಗಳನ್ನು ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು. ಆದ್ದರಿಂದ ನಮ್ಮ ಗದ್ದೆಯ ಬದುಗಳ ಅನುಭವವನ್ನು ಅಲ್ಲಿಗೆ ಕೊಂಡೊಯ್ದವರಿಗೆ ಆರಂಭದಲ್ಲಿ ದಿಗ್ಭ್ರಮೆಯಾಗುವುದು ಸಹಜ. ನಮ್ಮ ತೋಡುವ ಇಲಿಯು ಬಿಲದ ಬಾಯಲ್ಲಿ ಹೊಸ ಮಣ್ಣನ್ನು ಗುಡ್ಡೆ ಹಾಕಿ ತನ್ನ ಇರವನ್ನು ತಾನೇ ಸಾರುವುದು. ಒಳಗೆ ಭತ್ತದ ತೆನೆಗಳನ್ನು ಕೂಡಿಟ್ಟಿರುವುದು. ಆ ತೆನೆಗಾಗಿ ಬಿಲವನ್ನು ಅಗೆಯುವ ಬಡವರೂ ಉಂಟು. ವೋಲಾದರೋ ಒಂದೂವರೆ ಅಂಗುಲದ ಶುಭ್ರವಾದ ರಂಧ್ರವೊಂದನ್ನು ಬಿಟ್ಟು, ಹೊರಗೆ ಮಣ್ಣಿನ ಕುರುಹನ್ನು ಬಹುಮಟ್ಟಿಗೆ ತೋರಗೊಡದೆ, ಹುಲ್ಲಿನ ಮರೆಯಲ್ಲಿ ಸಂಸಾರ ಮಾಡುವುದು.

ಹಿಮದ ನಾಡನ್ನು ಕಾಣದವರು, ಇಷ್ಟು ಸಣ್ಣ ಜೀವ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದ ಚಳಿಯಲ್ಲಿ ಸಾಯದೆ ಹೇಗೆ ಉಳಿಯುವುದೆಂದು ಆಶ್ಚರ್ಯಪಡಬಹುದು. ಕರಡಿಯಂತೆ ಇದು ಚಳಿಗಾಲವನ್ನು ನಿದ್ದೆಯಲ್ಲಿ ಕಳೆಯುವುದಿಲ್ಲ. ಹಗಲೂ ಇರುಳೂ ಎಚ್ಚರವಾಗಿದ್ದು, ಕೆಲವು ಗಂಟೆಗಳಿಗೊಮ್ಮೆ ತಿನ್ನುತ್ತಲೇ ಇರಬೇಕಾದ ಪ್ರಾಣಿ ಇದು. ಇದರ ಪ್ರಾಣವನ್ನು ಕಾಯುವುದು ಹಿಮವೇ. ಅರ್ಧ ಅಡಿಗಿಂತ ಹೆಚ್ಚು ದಪ್ಪಕ್ಕೆ ಹಿಮ ಬಿದ್ದು ನಿಂತಿತೆಂದರೆ, ಬೇಸಗೆಯ ಕಾವನ್ನು ಇನ್ನೂ ಒಡಲಲ್ಲಿ ಇಟ್ಟುಕೊಂಡಿರುವ ಭೂಮಿಗೆ ಅದೊಂದು ಹೊದಿಕೆಯಾಗಿ, ಮೇಲೆ ಗಾಳಿಯು ಎಷ್ಟೇ ಕೊರೆಯುತ್ತಿದ್ದರೂ ನೆಲಕ್ಕೂ ಹಿಮಕ್ಕೂ ನಡುವಿನ ಸಂದಿಯ ಉಷ್ಣಾಂಶ ಶೂನ್ಯದ ಆಸುಪಾಸಿನಲ್ಲಿಯೇ ನಿಲ್ಲುವುದು. ನೆಲದಿಂದೇಳುವ ತೇವದ ಆವಿಯು ಕೆಳಪದರದ ಹಿಮವನ್ನು ಸಡಿಲವಾದ ಹರಳುಗಳನ್ನಾಗಿ ಮಾರ್ಪಡಿಸುವುದರಿಂದ, ಅಲ್ಲಿ ಗೂಡು ಕಟ್ಟುವುದಕ್ಕೂ ಹಾದಿ ಬಿಡಿಸುವುದಕ್ಕೂ ಹೆಚ್ಚು ಶ್ರಮ ಬೇಕಾಗದು. ಈ ಅರೆಗತ್ತಲೆಯ ಲೋಕದಲ್ಲಿ ವೋಲ್‌ಗಳು ಒಣಹುಲ್ಲನ್ನು ಉಂಡೆ ಕಟ್ಟಿ ಗೂಡು ಮಾಡಿಕೊಂಡು, ಹುಲ್ಲನ್ನು ಬುಡದವರೆಗೆ ಕತ್ತರಿಸಿ ತಿನ್ನುತ್ತ, ನಿತ್ಯವೂ ಅದೇ ಹಾದಿಯಲ್ಲಿ ಓಡಾಡುತ್ತ, ಹಿಕ್ಕೆ ಹಾಕುವುದಕ್ಕೂ ಬೇರೊಂದು ಸ್ಥಳವನ್ನು ಗೊತ್ತುಮಾಡಿಕೊಂಡು, ಆಹಾರ ಸಾಕಷ್ಟಿದ್ದರೆ ಚಳಿಗಾಲದಲ್ಲಿಯೂ ಮರಿಹಾಕುತ್ತ ಕಾಲ ಕಳೆಯುವುವು. ಮನೆಯ ಯಜಮಾನನು ಗಾಜಿನ ಕಿಟಕಿಯ ಹಿಂದೆ ಕಾಫಿ ಕುಡಿಯುತ್ತ, ಅಚ್ಚ ಬಿಳಿಯ ನಿಶ್ಚಲವಾದ ಅಂಗಳವನ್ನು ನೋಡಿ ಪ್ರಶಾಂತತೆಯನ್ನು ಕುರಿತು ಚಿಂತಿಸುತ್ತಿರುವಾಗ, ಅದರ ಅಡಿಯಲ್ಲಿ ನಡೆಯುತ್ತಿರುವ ವ್ಯವಹಾರ ಇಂಥದು.

ಇಷ್ಟಾಗಿಯೂ ಹುಲ್ಲುಹಾಸಿಗೆ ಆದ ಹಾನಿಯನ್ನು ಕುರಿತು ಅತಿಯಾಗಿ ಶೋಕಿಸಬೇಕಾದ ಕಾರಣ ನನಗೆ ಕಾಣದು. ಹುಲ್ಲು ಬೆಳೆಯುವ ಮರ್ಮಸ್ಥಾನವಿರುವುದು ಎಲೆಯ ತುದಿಯಲ್ಲಲ್ಲ, ಮಣ್ಣಿಗೆ ಅಂಟಿಕೊಂಡಿರುವ ಬುಡದ ಮೊಳಕೆಯಲ್ಲಿ. ಯಂತ್ರದಿಂದ ವಾರವಾರವೂ ಕತ್ತರಿಸಿದರೂ ಅದು ಸಾಯದಿರುವುದು ಆ ಕಾರಣದಿಂದಲೇ. ವೋಲ್ ಮೇಯುವುದು ಬಹುಪಾಲು ಆ ಮೊಳಕೆಯ ಮೇಲಿನದನ್ನು. ಅಮೆರಿಕದ ಉತ್ತರಭಾಗದಲ್ಲಿ ಹೆಚ್ಚಾಗಿ ಬೆಳೆಸುವ ಕೆಂಟಕಿ ಬ್ಲೂಗ್ರಾಸ್ ಎಂಬ ಹುಲ್ಲಿಗೆ ನೆಲದೊಳಗೆ ಹರಿಯುವ ಗುಪ್ತಕಾಂಡವೂ ಉಂಟಾದ್ದರಿಂದ, ಸತ್ತ ಹುಲ್ಲನ್ನೂ ಗೂಡುಗಳ ಕಸವನ್ನೂ ರೇಕಿನಿಂದ ಬಾಚಿ ತೆಗೆದು, ಸ್ವಲ್ಪ ಗೊಬ್ಬರವನ್ನೂ ನೀರನ್ನೂ ಕೊಟ್ಟರೆ, ಮೇ ತಿಂಗಳು ಮುಗಿಯುವ ಹೊತ್ತಿಗೆ ಆ ಹಾದಿಗಳು ಎಲ್ಲಿದ್ದುವೆಂದು ಹುಡುಕಬೇಕಾಗುವುದು. ಗುಂಪುಗುಂಪಾಗಿ ಬೆಳೆಯುವ ಫೆಸ್ಕ್ಯೂ ಜಾತಿಯ ಹುಲ್ಲು ಹೀಗೆ ಹರಡಿ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳಲಾರದು. ಅಲ್ಲಿ ಬರಿದಾದ ಕಡೆ ಬೀಜ ಚೆಲ್ಲಬೇಕು. ಅಷ್ಟೇ ಚಿಕಿತ್ಸೆ. ಹುಲ್ಲು ಬೆಳೆದರೆ ಊರಿನ ಆಡಳಿತ ದಂಡ ವಿಧಿಸುವ, ಹುಲ್ಲು ಸತ್ತರೆ ನೆರೆಯವರು ಮುಖ ಸಿಂಡರಿಸುವ ಆ ನಾಡಿನಲ್ಲಿ ಅಂಗಳದ ಹಸಿರು ಗೃಹಸ್ಥನ ಮಾನದ ಪ್ರಶ್ನೆಯಾಗಿಬಿಟ್ಟಿರುವುದೇನೋ ನಿಜ; 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು, ಬಟ್ಟೆಯ ಗಿರಣಿಯಲ್ಲಿ ಉಣ್ಣೆಯ ಎಳೆ ಕತ್ತರಿಸುವ ಯಂತ್ರವನ್ನು ನೋಡಿ ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸದಿದ್ದರೆ, ಶ್ರೀಮಂತರ ಅರಮನೆಗಳ ಮುಂದಿದ್ದ ಈ ವೈಭವ ಸಾಮಾನ್ಯ ಗುಮಾಸ್ತನ ಹೆಗಲಿಗೆ ಬೀಳುತ್ತಿರಲಿಲ್ಲ. ಅದಿರಲಿ.

ಶೋಕಕ್ಕೆ ಯೋಗ್ಯವಾದ ಹಾನಿಯು ಬೇರೆಯೇ ಇದೆ. ಅದು ಹುಲ್ಲಿನ ಹಾದಿಗಳಂತೆ ಕಣ್ಣಿಗೆ ರಾಚುವುದಿಲ್ಲ. ಹಿಮದ ಅಡಿಯಲ್ಲಿ ಹಸಿರು ಮುಗಿದಾಗ ವೋಲ್ ಎಳೆಯ ಮರಗಳ ಬುಡಕ್ಕೆ ಬರುವುದು. ಸೇಬು, ಪೇರು, ಚೆರಿ ಮೊದಲಾದ ಫಲವೃಕ್ಷಗಳೂ, ಅಲಂಕಾರಕ್ಕೆ ನೆಟ್ಟ ಪೊದೆಗಳೂ ತಮ್ಮ ತೊಗಟೆಯ ಒಳಪದರದಲ್ಲಿ ಸಕ್ಕರೆಯ ಅಂಶವನ್ನು ಇಟ್ಟುಕೊಂಡಿರುವುದರಿಂದ, ಆ ಪದರವನ್ನು ಅದು ನೆಲಮಟ್ಟದಲ್ಲಿ ಸುತ್ತಲೂ ಕೊರೆದು ತಿನ್ನುವುದು. ಬೇರು ಹೀರಿದ ನೀರು ಮೇಲಕ್ಕೆ ಏರುವುದು ಮರದ ಒಳಗಿನ ಕಾಷ್ಠದ ಮೂಲಕ. ಎಲೆಗಳು ಬಿಸಿಲಿನಲ್ಲಿ ಅಡುಗೆ ಮಾಡಿದ ಆಹಾರವು ಬೇರಿಗೆ ಇಳಿಯುವುದು ತೊಗಟೆಗೆ ಹತ್ತಿದ ಆ ತೆಳುವಾದ ಪದರದ ಮೂಲಕ. ಸುತ್ತಲೂ ಉಂಗುರದಂತೆ ತೊಗಟೆ ಹೋದ ಮರಕ್ಕೆ ನೀರು ಏರುವುದು ಒಡನೆಯೇ ನಿಲ್ಲದ ಕಾರಣ, ವಸಂತದಲ್ಲಿ ಅದು ಎಂದಿನಂತೆ ಚಿಗುರುವುದು, ಹೂವನ್ನೂ ಬಿಡಬಹುದು. ಅದನ್ನು ನೋಡಿದ ಯಜಮಾನನು ಮರ ಉಳಿಯಿತೆಂದು ಸಮಾಧಾನಪಟ್ಟುಕೊಳ್ಳುತ್ತಿರುವಾಗ, ಮೇಲಿನಿಂದ ಅನ್ನ ಬಾರದ ಬೇರು ಕೂಡಿಟ್ಟಿದ್ದುದನ್ನು ಕರಗಿಸಿಕೊಂಡು ಉಪವಾಸ ಬಿದ್ದಿರುವುದು. ಬೇಸಗೆಯ ನಡುವಿನಲ್ಲಿಯೋ, ಮುಂದಿನ ವರ್ಷವೋ, ಎಲೆ ಹಳದಿಗೆ ತಿರುಗಿ ಮರ ಒಣಗಿದಾಗ, ರೋಗವೇನೆಂದು ಎಲೆಯನ್ನು ಪರೀಕ್ಷಿಸುವವರೇ ಹೆಚ್ಚು. ಬುಡದ ಹುಲ್ಲನ್ನು ಸರಿಸಿ ನೋಡುವವರು ವಿರಳ. ಪೈನ್ ವೋಲಿನ ವಿಷಯದಲ್ಲಿ ಹಾಗೆ ಸರಿಸಿ ನೋಡಿದರೂ ಫಲವಿಲ್ಲ. ಅದು ಮಾಡುವ ಗಾಯ ಮಣ್ಣಿನೊಳಗೆ ಬೇರಿನ ಮೇಲೆ ಇರುವುದರಿಂದ, ಹಡ್ಸನ್ ಕಣಿವೆಯ ಮತ್ತು ವರ್ಜೀನಿಯದ ಸೇಬಿನ ತೋಟಗಾರರು ಅದಕ್ಕೇ ಹೆಚ್ಚು ಭಯಪಡುವರು.

ಹಾನಿ ಮಾಡಿದವರಾರೆಂಬ ನಿರ್ಣಯದಲ್ಲಿ ಅವಸರ ಸಲ್ಲದು. ನಿರಪರಾಧಿಗೆ ಶಿಕ್ಷೆಯಾಗುವುದು ಮನುಷ್ಯರ ನ್ಯಾಯಾಲಯಗಳಲ್ಲಿ ಮಾತ್ರವಲ್ಲ. ಅಮೆರಿಕದ ಅಂಗಳಗಳಲ್ಲಿ ಮೋಲ್ ಎಂಬ ಮತ್ತೊಂದು ಪ್ರಾಣಿಯುಂಟು. ಹೆಸರು ಹತ್ತಿರವಾದುದರಿಂದ ಅಲ್ಲಿನವರೇ ಎರಡನ್ನೂ ಒಂದೆಂದು ತಿಳಿದು ಗೊಂದಲಕ್ಕೆ ಬೀಳುವರು. ಅದು ಮೂಷಕವೇ ಅಲ್ಲ. ಗುದ್ದಲಿಯಂಥ ಮುಂಗಾಲುಗಳಿಂದ ನೆಲದೊಳಗೆ ಈಜುವಂತೆ ಸಾಗುತ್ತ ಎರೆಹುಳುಗಳನ್ನೂ ಗೊಣ್ಣೆಹುಳುಗಳನ್ನೂ ತಿನ್ನುವುದೇ ಹೊರತು ಸಸ್ಯಕ್ಕೆ ಬಾಯಿ ಹಾಕುವುದಿಲ್ಲ. ಅದು ಹೋದ ದಾರಿಯಲ್ಲಿ ನೆಲ ಉಬ್ಬಿ ಏರಿಯಾಗುವುದು, ಅಲ್ಲಲ್ಲಿ ಮಣ್ಣಿನ ಗುಪ್ಪೆಗಳೇಳುವುವು. ವೋಲ್ ಹೋದ ದಾರಿಯಾದರೋ ತಗ್ಗಾಗಿ, ಹುಲ್ಲು ಕತ್ತರಿಸಲ್ಪಟ್ಟು, ಅಲ್ಲಲ್ಲಿ ಹಸಿರು ತುಣುಕುಗಳೂ ಕಾಳಿನಂಥ ಹಿಕ್ಕೆಗಳೂ ಬಿದ್ದಿರುವುವು. ಮೋಲ್ ತೋಡಿದ ಸುರಂಗವನ್ನು ವೋಲ್ ತನ್ನ ಸಂಚಾರಕ್ಕೆ ಬಳಸಿಕೊಳ್ಳುವುದೂ ಉಂಟಾಗಿ, ಗೆಡ್ಡೆ ತಿಂದ ಅಪವಾದ ಮಾತ್ರ ಸುರಂಗದ ಒಡೆಯನಿಗೆ ಬರುವುದು. ಮರದ ತೊಗಟೆಯ ವಿಷಯದಲ್ಲಿ ಸಂದೇಹ ಬರುವುದು ಮೊಲದ ಮೇಲೆ. ಅಲ್ಲಿ ಹಲ್ಲಿನ ಗುರುತೇ ಸಾಕ್ಷಿ. ವೋಲಿನ ಬಾಚಿಹಲ್ಲಿನ ಗೀರು ಅಂಗುಲದ ಎಂಟನೆಯ ಒಂದು ಭಾಗದಷ್ಟು ಅಗಲವಾಗಿ, ಕ್ರಮವಿಲ್ಲದೆ ನಾನಾ ಕೋನಗಳಲ್ಲಿ ಅಡ್ಡಾದಿಡ್ಡಿಯಾಗಿರುವುದು. ಮೊಲದ ಗೀರು ಅದಕ್ಕಿಂತ ಅಗಲ, ಮತ್ತು ಅದು ಸಣ್ಣ ರೆಂಬೆಗಳನ್ನು ಕತ್ತಿಯಿಂದ ಓರೆಯಾಗಿ ಕೊಯ್ದಂತೆ ನುಣ್ಣಗೆ ಕತ್ತರಿಸಿರುವುದು. ಮೊಲವು ಹಿಮದ ಮೇಲೆ ನಿಂತು ಕಡಿಯುವುದರಿಂದ ಹಿಮ ಕರಗಿದ ಮೇಲೆ ಅದರ ಗಾಯವು ಒಂದೆರಡು ಅಡಿ ಎತ್ತರದಲ್ಲಿ ನಿಂತಿರುವುದು. ವೋಲ್ ಹಿಮದ ಕೆಳಗಿನದಾದ್ದರಿಂದ ಅದರ ಗಾಯ ಸಾಮಾನ್ಯವಾಗಿ ನೆಲವನ್ನು ಮುಟ್ಟಿಕೊಂಡೇ ಇರುವುದು.

ಒಂದು ಜೊತೆ ವೋಲ್‌ಗಳಿಂದ ಅಂಗಳವೇನೂ ಹಾಳಾಗದು. ಅನರ್ಥವಿರುವುದು ಅವುಗಳ ಸಂತಾನವೃದ್ಧಿಯಲ್ಲಿ. ಗರ್ಭಧಾರಣೆಯ ಕಾಲ ಮೂರೇ ವಾರ. ಸೂಲಿಗೆ ನಾಲ್ಕಾರು ಮರಿ. ಹುಟ್ಟಿದ ಹೆಣ್ಣು ಒಂದು ತಿಂಗಳು ತುಂಬುವುದರೊಳಗೆ ತಾನೇ ಗರ್ಭಿಣಿಯಾಗಬಲ್ಲುದು. ಅಮೆರಿಕದ ಪ್ರಾಣಿಶಾಸ್ತ್ರಜ್ಞ ವರ್ನನ್ ಬೇಲಿಯು 1924ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪಂಜರದಲ್ಲಿ ಸಾಕಿದ ಹೆಣ್ಣೊಂದು ಒಂದು ವರ್ಷದಲ್ಲಿ 17 ಸಲ ಮರಿಹಾಕಿತೆಂದು ದಾಖಲಿಸಿದ್ದಾನೆ. ಹೊರಗಿನ ಬಾಳಿನಲ್ಲಿ ಅಷ್ಟು ಅವಕಾಶವಿಲ್ಲ. ಬಹುತೇಕ ವೋಲ್‌ಗಳು ತಮ್ಮ ಮೊದಲನೆಯ ಹುಟ್ಟುಹಬ್ಬವನ್ನು ಕಾಣವು. ಆದರೂ ಎರಡರಿಂದ ಐದು ವರ್ಷಗಳಿಗೊಮ್ಮೆ ಇವುಗಳ ಸಂಖ್ಯೆ ಉಕ್ಕಿ, ಅನಂತರ ಹೇಳದೆ ಕೇಳದೆ ಕುಸಿಯುವುದು ಲೋಕಪ್ರಸಿದ್ಧವಾಗಿದೆ. ಹೊಲದ ಇಲಿಗಳು ಹೀಗೆ ಎಲ್ಲಿಂದಲೋ ಬಂದು ರಾತ್ರೋರಾತ್ರಿ ಬೆಳೆ ತಿಂದು ಎಲ್ಲಿಗೋ ಮಾಯವಾಗುವ ಸೋಜಿಗವನ್ನು ಅರಿಸ್ಟಾಟಲನೇ ತನ್ನ ಪ್ರಾಣಿವೃತ್ತಾಂತದಲ್ಲಿ ಬರೆದಿಟ್ಟನು. ಹೋಮರನ ಕಾವ್ಯದಲ್ಲಿ ಪೂಜಾರಿಯೊಬ್ಬನು ಅಪೊಲೊ ದೇವನನ್ನು ಕರೆಯುವ ಹೆಸರುಗಳಲ್ಲಿ ಸ್ಮಿಂಥಿಯಸ್, ಎಂದರೆ ಇಲಿಗಳ ಒಡೆಯ, ಎಂಬುದೂ ಒಂದು. ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್ ಈ ಏರಿಳಿತಗಳ ಲೆಕ್ಕವನ್ನು ಹಿಡಿದು ಹೊರಟು, ಪ್ರಾಣಿಸಂಖ್ಯೆಯ ಶಾಸ್ತ್ರಕ್ಕೇ ಅಡಿಗಲ್ಲು ಹಾಕಿದನು. ವೋಲ್, ಇಲಿ, ಲೆಮಿಂಗುಗಳನ್ನು ಕುರಿತ ಅವನ ಬೃಹದ್ಗ್ರಂಥ 1942ರಲ್ಲಿ, ಯುದ್ಧದ ನಡುವೆ, ಹೊರಬಂದಿತು. ಆಹಾರವೋ, ಬೇಟೆಯಾಡುವ ಪ್ರಾಣಿಗಳೋ, ಇಕ್ಕಟ್ಟಿನ ಬಾಳಿನ ಉದ್ವೇಗವೋ, ಕಾರಣವಾವುದೆಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಅಂಥ ಉಬ್ಬರಗಳ ಚರಿತ್ರೆಯಲ್ಲಿ ಒಂದೇ ವರ್ಷದ ಎರಡು ಪ್ರಸಂಗಗಳು ಜೊತೆಯಾಗಿ ಓದತಕ್ಕವು. 1892ರಲ್ಲಿ ಗ್ರೀಸಿನ ಥೆಸಲಿ ಬಯಲನ್ನು ವೋಲ್‌ಗಳು ಮುತ್ತಿದಾಗ, ಅಲ್ಲಿನ ಸರ್ಕಾರವು ಜರ್ಮನಿಯ ವಿಖ್ಯಾತ ಜೀವಾಣುವಿಜ್ಞಾನಿ ಫ್ರೀಡ್ರಿಕ್ ಲ್ಯೋಫ್ಲರನನ್ನು ಬರಮಾಡಿಕೊಂಡಿತು. ಇಲಿಗಳಿಗೆ ವಿಷಮಶೀತ ಜ್ವರದಂಥ ರೋಗ ತರುವ ಜೀವಾಣುವೊಂದನ್ನು ಅವನು ಕಂಡುಹಿಡಿದಿದ್ದನು. ಅದರ ರಸದಲ್ಲಿ ನೆನೆಸಿದ ರೊಟ್ಟಿಯ ಚೂರುಗಳನ್ನು ಹೊಲಗಳಲ್ಲಿ ಚೆಲ್ಲಿಸಿ, ಜಯ ಸಿದ್ಧಿಸಿತೆಂದು ಸಾರಿದನು. ಅದೇ ಕಾಲದಲ್ಲಿ ಸ್ಕಾಟ್ಲೆಂಡಿನ ದಕ್ಷಿಣದ ಕುರಿಗಾವಲುಗಳಲ್ಲಿಯೂ ವೋಲ್ ಹಾವಳಿಯೆದ್ದು, ಸರ್ ಹರ್ಬರ್ಟ್ ಮ್ಯಾಕ್ಸ್‌ವೆಲ್ ಅಧ್ಯಕ್ಷತೆಯ ಸಮಿತಿಯೊಂದು ವಿಚಾರಣೆಗೆ ನಿಂತಿತು. ಸಮಿತಿಯವರು ಥೆಸಲಿಗೂ ಹೋಗಿ ನೋಡಿ ಬಂದರು. ಲ್ಯೋಫ್ಲರನ ಉಪಾಯದಲ್ಲಿ ಅವರಿಗೆ ನಂಬಿಕೆ ಹುಟ್ಟಲಿಲ್ಲ. ಕಾಲಕ್ರಮದಲ್ಲಿ ಆ ಬಗೆಯ ಜೀವಾಣುಗಳು ಮನುಷ್ಯರಿಗೂ ರೋಗ ತರುವುವೆಂದು ಗೊತ್ತಾಗಿ, ಹಲವು ದೇಶಗಳು ಆ ವಿಧಾನವನ್ನೇ ತೊರೆದವು. ಸ್ಕಾಟ್ಲೆಂಡಿನ ಸಮಿತಿಯು ತನ್ನ ವರದಿಯಲ್ಲಿ ಗೂಬೆ, ಚಿಕ್ಕ ಗಿಡುಗ, ವೀಸಲ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿ ಮುಂತಾದುವನ್ನು ಕೊಲ್ಲದೆ ಉಳಿಸಬೇಕೆಂದು ಒತ್ತಿಹೇಳಿತು. ಬೇಟೆಯ ಹಕ್ಕಿಗಳನ್ನು ಕಾಯುವ ನೆಪದಲ್ಲಿ ಎಸ್ಟೇಟುಗಳ ಕಾವಲುಗಾರರು ಇವನ್ನು ಕಂಡಕಂಡಲ್ಲಿ ಕೊಲ್ಲುತ್ತಿದ್ದರು. ಇದನ್ನು ಓದುವಾಗ ನಮ್ಮ ಕೌಟಿಲ್ಯನು ನೆನಪಿಗೆ ಬಾರದಿರನು. ಮೂಷಕಭಯ ಒದಗಿದಾಗ ಬೆಕ್ಕುಗಳನ್ನೂ ಮುಂಗುಸಿಗಳನ್ನೂ ಬಿಡಬೇಕೆಂದೂ, ಅವನ್ನು ಹಿಡಿದವರಿಗೆ ಇಲ್ಲವೆ ಕೊಂದವರಿಗೆ 12 ಪಣ ದಂಡವೆಂದೂ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣ ವಿಧಿಸುತ್ತದೆ. ಜೀವಾಣುವಿಜ್ಞಾನಿಯ ಪ್ರಯೋಗಶಾಲೆಗಿಂತ ಆ ಮಂತ್ರಿಯ ದಂಡಸಂಹಿತೆ ಈ ಒಂದು ವಿಷಯದಲ್ಲಿ ಹೆಚ್ಚು ದೂರ ನೋಡಿತ್ತೆಂದರೆ ತಪ್ಪಾಗದು.

ಹಾವಳಿಯ ತಡೆಗೆ ತಕ್ಕ ಕಾಲವು ಹಾನಿ ಕಂಡ ವಸಂತವಲ್ಲ, ಅದಕ್ಕೆ ಮೊದಲಿನ ಶರತ್ಕಾಲ. ವೋಲಿಗೆ ಬೇಕಾದುದು ಮರೆ. ಬಯಲಿನಲ್ಲಿ ಅದು ಒಂದು ಗಳಿಗೆಯೂ ನೆಮ್ಮದಿಯಾಗಿರಲಾರದು. ಆದುದರಿಂದ ಹಿಮ ಬೀಳುವ ಮುನ್ನ ಹುಲ್ಲನ್ನು ಕೊನೆಯ ಸಲ ಎರಡು ಅಂಗುಲಗಳಷ್ಟು ಗಿಡ್ಡವಾಗಿ ಕತ್ತರಿಸುವುದು, ಬೇಲಿಯ ಅಂಚಿನ ಕಳೆಯನ್ನೂ ಬಿದ್ದ ತರಗೆಲೆಯನ್ನೂ ಕಟ್ಟಿಗೆಯ ರಾಶಿಯನ್ನೂ ಅಂಗಳದಿಂದ ದೂರ ಸಾಗಿಸುವುದು, ಹಕ್ಕಿಗಳಿಗೆ ಕಾಳಿಡುವ ತಟ್ಟೆಯಿದ್ದರೆ ಅದರ ಕೆಳಗೆ ಚೆಲ್ಲಿದ ಕಾಳನ್ನು ಗುಡಿಸುವುದು, ಇವಿಷ್ಟರಿಂದಲೇ ಅರ್ಧ ಕೆಲಸ ಮುಗಿಯುವುದು. ಮರದ ಬುಡಕ್ಕೆ ತೊಗಟೆಯ ಚೂರು, ಮರದ ಸಿಬರುಗಳ ಹೊದಿಕೆ ಹಾಕುವ ಪದ್ಧತಿ ಅಲ್ಲಿ ಬಹಳ. ತೇವ ಕಾಯುವುದಕ್ಕೆ ಅದು ಒಳ್ಳೆಯದೇ. ಆದರೆ ಆ ಹೊದಿಕೆಯನ್ನು ಕಾಂಡಕ್ಕೆ ಒತ್ತಿ, ಜ್ವಾಲಾಮುಖಿಯ ಆಕಾರದಲ್ಲಿ ಪೇರಿಸುವ ಚಟವೊಂದು ಅಮೆರಿಕದ ಬಡಾವಣೆಗಳಲ್ಲೆಲ್ಲ ಹಬ್ಬಿದೆ. ತೊಗಟೆ ಕೊಳೆಯುವುದಕ್ಕೂ ವೋಲ್ ಬಿಡಾರ ಹೂಡುವುದಕ್ಕೂ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಶತ್ರುವೂ ಮಾಡಿಕೊಡಲಾರನು. ಹೊದಿಕೆಯ ದಪ್ಪ ಎರಡು ಮೂರು ಅಂಗುಲಗಳನ್ನು ಮೀರಬಾರದು; ಹಾವಳಿಯಿರುವ ಕಡೆ ಕಾಂಡದ ಸುತ್ತ ಎರಡು ಮೂರು ಅಡಿ ನೆಲವನ್ನು ಹುಲ್ಲೂ ಹೊದಿಕೆಯೂ ಇಲ್ಲದಂತೆ ಬರಿದಾಗಿಡುವುದು ಲೇಸು.

ಎಳೆಯ ಮರಗಳಿಗೆ ಕವಚ ತೊಡಿಸುವುದು ಎಲ್ಲಕ್ಕಿಂತ ನಂಬತಕ್ಕ ಉಪಾಯ. ಕಾಲಂಗುಲ ಕಣ್ಣಿನ ಕಬ್ಬಿಣದ ತಂತಿಜಾಲರಿಯನ್ನು ಕೊಳವೆಯಾಗಿ ಸುತ್ತಿ, ಕಾಂಡವನ್ನು ಮುಟ್ಟದಂತೆ ಸ್ವಲ್ಪ ಅಂತರ ಬಿಟ್ಟು ನಿಲ್ಲಿಸಿ, ಅದರ ಅಂಚನ್ನು ಮಣ್ಣಿನೊಳಗೆ ಕೆಲವು ಅಂಗುಲ ಹೂಳಬೇಕು. ಎತ್ತರವನ್ನು ಆಯಾ ಊರಿನಲ್ಲಿ ಬೀಳುವ ಹಿಮವೇ ನಿರ್ಣಯಿಸುವುದು. ಸಾಮಾನ್ಯವಾಗಿ ಒಂದೂವರೆ ಅಡಿ ಸಾಕೆನ್ನುವರಾದರೂ, ಮೊಲದ ಕಾಟವೂ ಇದ್ದರೆ, ಗಾಳಿಗೆ ಹಿಮ ಒಟ್ಟುಗೂಡುವ ಸ್ಥಳವಾದರೆ, ಇನ್ನೂ ಎತ್ತರ ಬೇಕು. ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಸುರುಳಿಗಳೂ ಕೆಲಸಕ್ಕೆ ಬರುವುವು. ಬೇಸಗೆಯಲ್ಲಿ ಅವನ್ನು ಬಿಚ್ಚದೆ ಬಿಟ್ಟರೆ ಒಳಗೆ ತೇವ ನಿಂತು, ಹುಳುಗಳು ಸೇರಿ, ಕಾಪಾಡುವುದಕ್ಕೆಂದು ಕಟ್ಟಿದ್ದೇ ಕೊಲ್ಲುವುದಾದೀತು. ಜಾಲರಿಯನ್ನೂ ಮರ ದಪ್ಪವಾದಂತೆಲ್ಲ ಸಡಿಲಿಸುತ್ತಿರಬೇಕು. ಹಿಮ ಬಿದ್ದ ಮೇಲೆ ಮರದ ಸುತ್ತ ಕಾಲಿನಿಂದ ತುಳಿದು ಗಟ್ಟಿಮಾಡುವುದು ಹಳೆಯ ತೋಟಗಾರರ ರೂಢಿ. ಸಡಿಲವಾದ ಹಿಮದಲ್ಲಿ ಹಾದಿ ಬಿಡಿಸುವಷ್ಟು ಸುಲಭವಾಗಿ ಮಂಜುಗಟ್ಟಿದ ಪದರದಲ್ಲಿ ಬಿಡಿಸಲಾಗದೆಂಬುದು ಅದರ ತತ್ತ್ವ. ಹೂವಿನ ಗೆಡ್ಡೆಗಳಲ್ಲಿ ಟ್ಯುಲಿಪ್ ಮತ್ತು ಕ್ರೋಕಸ್‌ಗಳು ವೋಲಿಗೆ ಪಕ್ವಾನ್ನ. ಡ್ಯಾಫೊಡಿಲ್ ವಿಷವುಳ್ಳದ್ದಾಗಿ, ಈರುಳ್ಳಿ ಬೆಳ್ಳುಳ್ಳಿಗಳ ಕುಲದ ಗಿಡಗಳು ಘಾಟಿನಿಂದಾಗಿ, ಸಾಮಾನ್ಯವಾಗಿ ಉಳಿಯುವುವು. ಟ್ಯುಲಿಪ್ಪನ್ನೇ ಬಯಸುವವರು ತಂತಿಜಾಲರಿಯ ಬುಟ್ಟಿಯೊಳಗಿಟ್ಟು ನೆಡಬೇಕಾಗುವುದು. ಸೌಂದರ್ಯೋಪಾಸನೆಗೆ ಕಾರಾಗೃಹವನ್ನು ಕಟ್ಟುವ ಈ ವಿಪರ್ಯಾಸಕ್ಕೆ ಏನೂ ಮಾಡುವಂತಿಲ್ಲ.

ಇಷ್ಟು ಮಾಡಿದ ಮೇಲೂ ಕಾಟ ತಪ್ಪದಿದ್ದರೆ ಹಿಡಿಯುವುದೇ ಉಳಿದ ಮಾರ್ಗ. ಅದಕ್ಕೆ ಮೊದಲು, ಕಂಡ ಹಾದಿಗಳಲ್ಲಿ ಈಗಲೂ ಸಂಚಾರವುಂಟೋ ಇಲ್ಲವೋ ಎಂಬುದನ್ನು ತಿಳಿಯಲು ತೋಟಗಾರರು ಸೇಬಿನ ಚೂರೊಂದನ್ನು ಹಾದಿಯಲ್ಲಿಟ್ಟು, ಮೇಲೊಂದು ಹಲಗೆ ಮುಚ್ಚಿ, ಮರುದಿನ ತೆಗೆದು ನೋಡುವರು. ಚೂರಿನಲ್ಲಿ ಹಲ್ಲಿನ ಗುರುತಿದ್ದರೆ ಅಲ್ಲಿ ಬೋನಿಡುವುದು ಸಾರ್ಥಕ, ಇಲ್ಲದಿದ್ದರೆ ವ್ಯರ್ಥ. ಸ್ಪ್ರಿಂಗಿನ ಸಾಮಾನ್ಯ ಇಲಿಬೋನೇ ಸಾಕು. ಅದನ್ನು ಹಾದಿಗೆ ಅಡ್ಡಲಾಗಿ, ಪ್ರಾಣಿಯು ಓಡುವ ಭರದಲ್ಲಿ ಮೆಟ್ಟುವಂತೆ ಇಟ್ಟು, ಹಕ್ಕಿಗಳೂ ಸಾಕುಪ್ರಾಣಿಗಳೂ ಸಿಕ್ಕದಂತೆ ಮೇಲೆ ಪೆಟ್ಟಿಗೆಯನ್ನೋ ಹಲಗೆಯನ್ನೋ ಮುಚ್ಚಬೇಕು. ಎರೆಗೆ ಕಡಲೆಕಾಯಿಯ ಬೆಣ್ಣೆ, ಓಟ್ಸ್, ಸೇಬು, ಯಾವುದಾದರೂ ಆದೀತು. ಸತ್ತ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಲಾಗದು. ಸ್ಪೇನಿನ ಕ್ಯಾಸ್ಟೀಲ್ ಪ್ರಾಂತದಲ್ಲಿ 2007ರ ವೋಲ್ ಹಾವಳಿಯ ಜೊತೆಯಲ್ಲಿಯೇ ಟುಲರೀಮಿಯ ಎಂಬ ಜ್ವರವೂ ಜನರಿಗೆ ತಗುಲಿತ್ತು. ಅಂಗಳ ದೊಡ್ಡದಾಗಿ, ಸುತ್ತ ಹುಲ್ಲುಗಾವಲಿದ್ದರೆ ಬೋನಿನ ಕೆಲಸಕ್ಕೆ ಕೊನೆಯಿಲ್ಲ. ಹಿಡಿದಷ್ಟೂ ಪಕ್ಕದಿಂದ ಬಂದು ತುಂಬುವುವು.

ಪಾಷಾಣದ ವಿಷಯದಲ್ಲಿ ನನಗೆ ಒಲವಿಲ್ಲವೆಂದು ನೇರವಾಗಿಯೇ ಹೇಳಿಬಿಡುತ್ತೇನೆ. ನಮ್ಮ ರೈತರಿಗೂ ಪರಿಚಿತವಾದ ಜಿಂಕ್ ಫಾಸ್ಫೈಡ್ ಅಲ್ಲಿಯೂ ಬಳಕೆಯಲ್ಲಿದೆ. ಹೊಟ್ಟೆಯ ಆಮ್ಲವನ್ನು ಸೇರಿದೊಡನೆ ವಿಷಾನಿಲವಾಗಿ ಕೊಲ್ಲುವ ಅದನ್ನು ಬಹುಮಟ್ಟಿಗೆ ಪರವಾನಗಿ ಪಡೆದವರೇ ಉಪಯೋಗಿಸಬೇಕೆಂಬ ಕಟ್ಟಳೆಯಿದೆ. ರಕ್ತ ಹೆಪ್ಪುಗಟ್ಟದಂತೆ ಮಾಡಿ ದಿನಗಳ ಮೇಲೆ ಕೊಲ್ಲುವ ಇನ್ನೊಂದು ಬಗೆಯ ಪಾಷಾಣಗಳು ಇದಕ್ಕಿಂತಲೂ ಕುಟಿಲವಾದವು. ತಿಂದ ಮೂಷಕವು ಒಡನೆಯೇ ಸಾಯದೆ, ಮಂಕಾಗಿ ಬಯಲಿನಲ್ಲಿ ಅಡ್ಡಾಡುತ್ತ ಗೂಬೆಗೋ ಗಿಡುಗಕ್ಕೋ ನರಿಗೋ ಸುಲಭದ ತುತ್ತಾಗಿ, ತನ್ನ ವಿಷವನ್ನು ಅವಕ್ಕೂ ದಾಟಿಸುವುದು; ಈ ವರ್ಗದಲ್ಲಿ ಹೆಚ್ಚು ತೀಕ್ಷ್ಣವಾದುವನ್ನು ಸಾಮಾನ್ಯ ಗೃಹಸ್ಥರಿಗೆ ಮಾರದಂತೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ನಿರ್ಧರಿಸಿದುದು ಇದೇ ಕಾರಣದಿಂದ. ವೋಲನ್ನು ತಿನ್ನುವ ಒಂದು ಗೂಬೆಯನ್ನು ಕೊಂದು ವೋಲನ್ನು ನಿರ್ಮೂಲ ಮಾಡುತ್ತೇನೆನ್ನುವುದು ಗಣಿತಕ್ಕೇ ವಿರುದ್ಧವಾದ ಮಾತು. ಕಿವಿಗೆ ಕೇಳದ ಶಬ್ದ ಹೊರಡಿಸಿ ಮೂಷಕಗಳನ್ನು ಓಡಿಸುವೆವೆಂದು ಮಾರುವ ವಿದ್ಯುದ್ಯಂತ್ರಗಳು, ಬಿಲದೊಳಗೆ ಹಾಕುವ ನುಸಿಗುಳಿಗೆ, ಅಗಿಯುವ ಗಮ್ಮು ಇವೆಲ್ಲ ಮಾರುವವರಿಗೆ ಲಾಭಕರ. ಖಾರದ ದ್ರಾವಣಗಳನ್ನು ಕಾಂಡಕ್ಕೆ ಬಳಿದರೆ ಕೆಲವು ಕಾಲ ತಡೆಯಾಗುವುದುಂಟು. ಮಳೆ ತೊಳೆದ ಮೇಲೆ ಮತ್ತೆ ಬಳಿಯಬೇಕು.

ಗೂಬೆ ನರಿಗಳ ಮಾತು ಬಂದುದರಿಂದ ಹೇಳಬೇಕು: ವೋಲಿನ ಮಾಂಸವೇ ಆ ಶೀತಪ್ರದೇಶಗಳ ನಿತ್ಯದ ಅನ್ನ. ಎರಡು ಅಡಿ ಹಿಮದ ಮೇಲೆ ಕಿವಿಗೊಟ್ಟು ನಿಂತು, ಅಡಿಯಲ್ಲಿ ಹುಲ್ಲು ಅಗಿಯುವ ಸದ್ದನ್ನು ಆಲಿಸಿ, ಮೇಲಕ್ಕೆ ನೆಗೆದು ತಲೆಕೆಳಗಾಗಿ ಧುಮುಕುವ ಕೆಂಪು ನರಿಯನ್ನೂ, ಅದೇ ಸದ್ದನ್ನು ಮರದ ತುದಿಯಿಂದಲೇ ಹಿಡಿಯುವ ಬೂದುಬಣ್ಣದ ಮಹಾಗೂಬೆಯನ್ನೂ, ಸುರಂಗದೊಳಕ್ಕೇ ನುಗ್ಗಬಲ್ಲ ವೀಸಲ್‌ಗಳನ್ನೂ ಪೋಷಿಸುತ್ತಿರುವುದು ಈ ಗುಬ್ಬಿಗಾತ್ರದ ಜೀವ. ಬ್ರಿಟನ್ನಿನಲ್ಲಿ ಇದರ ದೊಡ್ಡ ದಾಯಾದಿಯಾದ ನೀರಿನ ವೋಲ್, ಮಕ್ಕಳ ಕಥೆಗಳಲ್ಲಿ ನಾಯಕನಾಗಿದ್ದದ್ದು, ಅಮೆರಿಕದಿಂದ ಬಂದ ಮಿಂಕ್ ಎಂಬ ಪ್ರಾಣಿಯ ಬಾಯಿಗೆ ಬಿದ್ದು ಕ್ಷೀಣಿಸಿ, ಈಗ ಕಾನೂನಿನ ರಕ್ಷಣೆಯಲ್ಲಿದೆ. ಪ್ರೇರಿ ವೋಲಂತೂ ಪ್ರಯೋಗಶಾಲೆಗಳಲ್ಲಿ ಗೌರವಾನ್ವಿತ ಅತಿಥಿ: 1970ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಲೋವೆಲ್ ಗೆಟ್ಜ್ ಎಂಬ ವಿಜ್ಞಾನಿ ಅದೇ ಗಂಡೂ ಅದೇ ಹೆಣ್ಣೂ ಮತ್ತೆಮತ್ತೆ ಜೊತೆಯಾಗಿ ಬೋನಿಗೆ ಬೀಳುವುದನ್ನು ಗಮನಿಸಿದಂದಿನಿಂದ, ದಾಂಪತ್ಯನಿಷ್ಠೆಗೆ ಮಿದುಳಿನ ಯಾವ ರಸಗಳು ಕಾರಣವೆಂಬುದನ್ನು ಅದರಿಂದಲೇ ಕಲಿಯುತ್ತಿದ್ದಾರೆ. ಸೇಬಿನ ಗಿಡವನ್ನು ಕಳೆದುಕೊಂಡವನಿಗೆ ಈ ಸದ್ಗುಣವು ಸಮಾಧಾನ ತರುವುದೆಂದು ನಾನು ಹೇಳುವುದಿಲ್ಲ.

ಆ ಗಿಡವನ್ನು ಉಳಿಸುವ ದಾರಿಯೊಂದು ಇದ್ದೇ ಇದೆ. ತೊಗಟೆಯು ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಹೋಗಿದ್ದರೆ ಮರ ತಾನಾಗಿಯೇ ಚೇತರಿಸಿಕೊಳ್ಳಬಹುದು. ಪೂರ್ತಿ ಉಂಗುರ ಬಿದ್ದಿದ್ದರೆ ಸೇತುವೆಯ ಕಸಿ ಕಟ್ಟಬೇಕು. ಚಳಿಗಾಲದ ಕೊನೆಯಲ್ಲಿ, ಮೊಗ್ಗು ಇನ್ನೂ ನಿದ್ರಿಸುತ್ತಿರುವಾಗ, ಅದೇ ಮರದ ಅಥವಾ ಅದೇ ಜಾತಿಯ ಹಿಂದಿನ ವರ್ಷದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕತ್ತರಿಸಿ, ತೇವದಲ್ಲಿ ಸುತ್ತಿ ತಣ್ಣಗಿಟ್ಟು, ವಸಂತದಲ್ಲಿ ತೊಗಟೆ ಸುಲಭವಾಗಿ ಬಿಡುವ ಹೊತ್ತಿಗೆ ಗಾಯದ ಅಂಚುಗಳನ್ನು ಜೀವಂತ ಭಾಗದವರೆಗೆ ಶುಭ್ರವಾಗಿ ಕೊಯ್ದು, ಕಡ್ಡಿಯ ಎರಡು ತುದಿಗಳನ್ನೂ ಓರೆಯಾಗಿ ಕೆತ್ತಿ, ಒಂದನ್ನು ಗಾಯದ ಕೆಳಗೂ ಮತ್ತೊಂದನ್ನು ಮೇಲೂ ತೊಗಟೆಯಡಿಗೆ ಸೇರಿಸಿ, ಸಣ್ಣ ಮೊಳೆ ಬಡಿದು, ಗಾಳಿಯಾಡದಂತೆ ಮೇಣ ಮೆತ್ತಬೇಕು. ಕಡ್ಡಿಯ ಬುಡ ಬುಡದ ಕಡೆಗೂ ತುದಿ ತುದಿಯ ಕಡೆಗೂ ಇರತಕ್ಕದ್ದು. ತಲೆಕೆಳಗಾದರೆ ಕಸಿ ನಿಲ್ಲದು. ಗಾಳಿಗೆ ಮರ ತೂಗಿದಾಗ ಕಿತ್ತುಹೋಗದಂತೆ ಕಡ್ಡಿಯು ತುಸು ಬಿಲ್ಲಿನಂತೆ ಬಾಗಿರಬೇಕು. ಎರಡು ಮೂರು ಅಂಗುಲಗಳಿಗೊಂದರಂತೆ ಕಾಂಡದ ಸುತ್ತ ಕಡ್ಡಿಗಳಿರಬೇಕು. ಅವುಗಳ ಮೇಲೆ ಮೂಡುವ ಚಿಗುರನ್ನೆಲ್ಲ ಚಿವುಟುತ್ತಿರಬೇಕು. ಕಸಿ ಹಿಡಿದರೆ ಕೆಲವೇ ವರ್ಷಗಳಲ್ಲಿ ಕಡ್ಡಿಗಳು ದಪ್ಪವಾಗಿ ಒಂದನ್ನೊಂದು ಕೂಡಿ ಗಾಯವನ್ನು ಮುಚ್ಚುವುವು. ಅಷ್ಟರವರೆಗೆ ಅವುಗಳ ತೊಗಟೆ ಮರದ ಹಳೆಯ ತೊಗಟೆಗಿಂತ ತೆಳುವಾಗಿಯೂ ಎಳೆಯದಾಗಿಯೂ ಇರುವುದರಿಂದ, ಹಿಮದಡಿಗೆ ಮರಳಿ ಬರುವ ವೋಲ್ ಮೊದಲು ಬಾಯಿ ಹಾಕುವುದು ಅವಕ್ಕೇ. ತಂತಿಜಾಲರಿಯ ಕವಚವನ್ನು ಬಾಗಿದ ಕಡ್ಡಿಗಳನ್ನೂ ಒಳಗೊಳ್ಳುವಷ್ಟು ಅಗಲಮಾಡಿ, ಅಕ್ಟೋಬರ್ ಮುಗಿಯುವುದರೊಳಗೆ ತೊಡಿಸಿರಬೇಕು.